ಊರಲ್ಲಿ ನಿಂತ ವಾಹನವೂ ಅಂಗಳದ ಬಿಸಿಲೂ

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ದುಡಿಯುತ್ತಿರುವ ನಮ್ಮ ಹೋಟೆಲು ಬಂಧುಗಳೂ ಗುಮಾಸ್ತರೂ ವರ್ಷಗಟ್ಟಲೆ ಕೂಡಿಸಿದ ಹಣದಿಂದ ಊರಿನ ಮನೆಯಲ್ಲೊಂದು ಸ್ಕೂಟರನ್ನೋ ಸಣ್ಣ ಕಾರನ್ನೋ ಇರಿಸುವುದು ಈಗ ಅಪೂರ್ವವಾದ ಸಂಗತಿಯಲ್ಲ. ರಜೆಯಲ್ಲಿ ಹೋದಾಗ ದೇವಸ್ಥಾನಕ್ಕೂ ನೆಂಟರ ಮನೆಗೂ ಓಡಾಡಲು ಅದು ಬೇಕು. ಅದಕ್ಕಿಂತ ಮುಖ್ಯವಾಗಿ, ಊರಿನಲ್ಲಿರುವ ವೃದ್ಧ ತಂದೆತಾಯಿಗಳಿಗೆ ಅವೇಳೆಯಲ್ಲಿ ದೇಹಾಲಸ್ಯವಾದರೆ ನೆರೆಮನೆಯ ತರುಣನೊಬ್ಬನು ಕೀಲಿಕೈ ತಿರುಗಿಸಿ ಅವರನ್ನು ಆಸ್ಪತ್ರೆಗೆ ಮುಟ್ಟಿಸಿಯಾನೆಂಬ ಧೈರ್ಯಕ್ಕಾಗಿ ಬೇಕು. ಆದರೆ ತಿಂಗಳುಗಟ್ಟಲೆ ನಿಂತ ವಾಹನವು ಬೇಕಾದ ಗಳಿಗೆಯಲ್ಲಿಯೇ ಹೊರಡದಿರುವುದುಂಟು. ಯಂತ್ರದಲ್ಲಿ ದೋಷವಿರದು, ಪೆಟ್ರೋಲೂ ಇದ್ದೀತು, ಬರಿದಾಗಿರುವುದು ಬ್ಯಾಟರಿ. ಇದನ್ನು ಹಣೆಬರಹವೆಂದು ಸಹಿಸಿಕೊಳ್ಳಬೇಕಾಗಿಲ್ಲ. ಅಂಗಳದಲ್ಲಿ ಪುಕ್ಕಟೆಯಾಗಿ ಬೀಳುವ ಬಿಸಿಲಿನಿಂದಲೇ ಇದಕ್ಕೆ ಪರಿಹಾರವಿದೆಯೆಂಬುದು ನಮ್ಮ ಅಭಿಪ್ರಾಯ.

ನಿಂತ ವಾಹನದ ಬ್ಯಾಟರಿ ಬರಿದಾಗುವುದೇಕೆ? ಸೀಸ ಮತ್ತು ಗಂಧಕಾಮ್ಲಗಳ ಈ ಬ್ಯಾಟರಿಯು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು ಕಂಡುಹಿಡಿದುದು. ಏನೂ ಕೆಲಸ ಮಾಡದಿದ್ದರೂ ತನ್ನಲ್ಲಿರುವುದನ್ನು ಅಷ್ಟಷ್ಟೇ ಕಳೆದುಕೊಳ್ಳುವುದು ಅದರ ಸ್ವಭಾವ. ಸೆಕೆ ಹೆಚ್ಚಿದಷ್ಟೂ ಈ ನಷ್ಟವೂ ಹೆಚ್ಚು. ಇದರ ಮೇಲೆ ಇಂದಿನ ಕಾರುಗಳಲ್ಲಿ ಗಡಿಯಾರ, ಕಳ್ಳಗಂಟೆ, ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರ್ ಇವೆಲ್ಲ ಹಗಲಿರುಳೂ ಸ್ವಲ್ಪಸ್ವಲ್ಪವಾಗಿ ವಿದ್ಯುತ್ತನ್ನು ಹೀರುತ್ತಿರುತ್ತವೆ. ಈ ಹೀರಿಕೆ 25 ಮಿಲಿಆಂಪಿಯರ್ ಮಾತ್ರವೆಂದಿಟ್ಟುಕೊಂಡರೂ ದಿನಕ್ಕೆ 0.6 ಆಂಪಿಯರ್-ಗಂಟೆಯಾಯಿತು, ತಿಂಗಳಿಗೆ 18 ಆಯಿತು. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಶಕ್ತಿಯೇ ಸುಮಾರು 35 ಆಂಪಿಯರ್-ಗಂಟೆ. ಒಂದೇ ತಿಂಗಳಲ್ಲಿ ಅರ್ಧ ಖಾಲಿ! ಹಾಗೆ ಬರಿದಾಗಿಯೇ ಉಳಿದರೆ ಒಳಗಿನ ತಗಡುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಮೊದಲಿನ ಬ್ಯಾಟರಿಯಾಗದು. 2020ರ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನಿಗೆ ಒಳಗಾದ ಬಳಿಕ ವಾರಗಟ್ಟಲೆ ನಿಂತ ವಾಹನಗಳ ಮಾಲೀಕರು ಈ ಪಾಠವನ್ನು ದುಡ್ಡು ತೆತ್ತು ಕಲಿತರು.

“ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟು ಮಾಡಿಡಿ” ಎಂದು ತಂದೆಯವರಿಗೆ ಹೇಳಿ ರೈಲು ಹತ್ತುವುದು ನಮ್ಮವರಲ್ಲಿ ರೂಢಿ. ಈ ಉಪಾಯ ಸಾಲದು. ವಾರದಲ್ಲಿ ಕಳೆದುಹೋದುದು 4 ಆಂಪಿಯರ್-ಗಂಟೆಗೂ ಮಿಕ್ಕು. ನಿಂತಲ್ಲೇ ಐದು ನಿಮಿಷ ಗುರುಗುಟ್ಟುವ ಯಂತ್ರವು ಅದರ ಸಣ್ಣದೊಂದು ಪಾಲನ್ನಷ್ಟೇ ಹಿಂದಕ್ಕೆ ಕೊಡಬಲ್ಲುದು. ಪೆಟ್ರೋಲು ಸುಟ್ಟಿತು, ಬ್ಯಾಟರಿ ತುಂಬಲಿಲ್ಲ. ಎಪ್ಪತ್ತು ದಾಟಿದ ಹಿರಿಯರ ಮೇಲೆ ಈ ಹೊರೆಯನ್ನು ಹೊರಿಸುವುದೂ ನ್ಯಾಯವಲ್ಲ.

ಅಲ್ಪಪ್ರಮಾಣದ ಬಿಸಿಲಿನ ವಿದ್ಯುತ್ತು ದೀರ್ಘಕಾಲದಲ್ಲಿ ಎಂತಹ ಕೆಲಸ ಮಾಡಬಲ್ಲುದೆಂಬುದಕ್ಕೆ ಇತಿಹಾಸದಲ್ಲೇ ಸಾಕ್ಷ್ಯವಿದೆ. 1958ರ ಮಾರ್ಚಿಯಲ್ಲಿ ಅಮೆರಿಕವು ಹಾರಿಸಿದ ವ್ಯಾನ್‌ಗಾರ್ಡ್-1 ಎಂಬ ಪುಟ್ಟ ಉಪಗ್ರಹದಲ್ಲಿ ಎರಡು ಪ್ರೇಷಕಗಳಿದ್ದುವು. ಬ್ಯಾಟರಿಯಿಂದ ನಡೆಯುತ್ತಿದ್ದುದು ಅದೇ ಜೂನಿನಲ್ಲಿ ಮೌನವಾಯಿತು. ಸೂರ್ಯಕೋಶಗಳಿಂದ ನಡೆಯುತ್ತಿದ್ದುದು 1964ರ ವರೆಗೂ ಮಾತನಾಡುತ್ತಲೇ ಇತ್ತು. ನೆಲದ ಮೇಲಿನ ವಾಹನಗಳಿಗೂ ಈ ತತ್ತ್ವ ಹೊಸದಲ್ಲ. ಫೋಕ್ಸ್‌ವ್ಯಾಗನ್ ಕಂಪೆನಿಯ ಹೊಸ ಕಾರುಗಳು ಕಾರ್ಖಾನೆಯಿಂದ ದೂರದೇಶದ ವ್ಯಾಪಾರಿಯನ್ನು ತಲುಪುವ ತನಕ ಬ್ಯಾಟರಿ ಬರಿದಾಗದಿರಲೆಂದು ಮುಂಗಾಜಿನ ಹಿಂದೆ ಸಣ್ಣ ಸೌರಫಲಕವನ್ನು ಇರಿಸುತ್ತಿದ್ದುದುಂಟು.

ನಮಗೆ ಬೇಕಾದುದೂ ಅಷ್ಟೇ. 10 ವ್ಯಾಟಿನ ಫಲಕವೊಂದು ನಿಚ್ಚಳ ಬಿಸಿಲಿನಲ್ಲಿ ಸುಮಾರು ಅರ್ಧ ಆಂಪಿಯರ್ ಕೊಡುತ್ತದೆ. ದಿನಕ್ಕೆ ನಾಲ್ಕು ಗಂಟೆಯ ಒಳ್ಳೆಯ ಬಿಸಿಲು ದೊರೆತರೆ 2 ಆಂಪಿಯರ್-ಗಂಟೆ ಬಂತು. ಕಾರು ಕಳೆದುಕೊಳ್ಳುವುದರ ಮೂರು ಪಾಲು. ಬೇಸಿಗೆಗೆ 5 ವ್ಯಾಟಿನದೂ ಸಾಕು. ಆದರೆ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಆಷಾಢದ ಮೋಡದಡಿಯಲ್ಲಿ ಫಲಕದ ಉತ್ಪತ್ತಿ ಬಹಳ ಕುಗ್ಗುವುದರಿಂದ ಅಲ್ಲಿನವರು 10 ವ್ಯಾಟಿಗೆ ಕಡಿಮೆ ಕೊಳ್ಳದಿರುವುದು ಲೇಸು. ಸ್ಕೂಟರಿನ ಬ್ಯಾಟರಿ ಬಹಳ ಚಿಕ್ಕದಾದುದರಿಂದ 2-3 ವ್ಯಾಟಿನದು ಸಾಕಾಗುತ್ತದೆ. ಇದರ ವೆಚ್ಚ ಕೆಲವು ನೂರು ರೂಪಾಯಿ. ಕಾರಿನ ಹೊಸ ಬ್ಯಾಟರಿಗಾದರೋ ಸಾವಿರಗಳನ್ನು ಎಣಿಸಬೇಕು. ತಿಂಗಳ ಸಂಬಳದಲ್ಲಿ ಊರಿಗಿಷ್ಟು, ಬಾಡಿಗೆಗಿಷ್ಟು ಎಂದು ಲೆಕ್ಕಹಾಕುವವನಿಗೆ ಈ ಅಂತರ ಸಣ್ಣದಲ್ಲ.

ಆದರೆ ಅಗ್ಗವೆಂದು ಫಲಕವನ್ನು ನೇರವಾಗಿ ಬ್ಯಾಟರಿಗೆ ಬಿಗಿಯಬಾರದು. 12 ವೋಲ್ಟಿನ ಫಲಕವೆಂದು ಮಾರುವುದು ಬಿಸಿಲಿನಲ್ಲಿ 20 ವೋಲ್ಟಿಗೂ ಮೇಲೇರಬಲ್ಲುದು. ತಿಂಗಳುಗಟ್ಟಲೆ ಹಾಗೆ ಬಿಟ್ಟರೆ ಬ್ಯಾಟರಿಯ ನೀರು ಆರಿಹೋಗುತ್ತದೆ. ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ತುಂಬಿದ ಬ್ಯಾಟರಿಗೆ ಮಿತಿಮೀರಿ ಉಣಿಸದಂತೆಯೂ ರಾತ್ರಿ ವಿದ್ಯುತ್ತು ಫಲಕಕ್ಕೆ ಹಿಂದಿರುಗಿ ಹರಿಯದಂತೆಯೂ ಅದು ಕಾಯುತ್ತದೆ. ಮೊದಲು ಬ್ಯಾಟರಿಯನ್ನೂ ಬಳಿಕ ಫಲಕವನ್ನೂ ಅದಕ್ಕೆ ಜೋಡಿಸಬೇಕು. ಬ್ಯಾಟರಿಯ ಸಮೀಪದಲ್ಲಿ ಫ್ಯೂಸ್ ಇರಬೇಕು. ಫಲಕದ ಮೇಲೆ ತೆಂಗಿನ ಗರಿಯ ನೆರಳೂ ಬೀಳಬಾರದು, ಏಕೆಂದರೆ ಒಂದು ಮೂಲೆಗೆ ಬಿದ್ದ ನೆರಳು ಇಡೀ ಫಲಕದ ಫಲವನ್ನು ತಗ್ಗಿಸುತ್ತದೆ. ಸತ್ತ ಬ್ಯಾಟರಿಯನ್ನು ಬದುಕಿಸುವುದು ಇದರ ಕೆಲಸವಲ್ಲ; ಊರು ಬಿಡುವ ಮುನ್ನ ಬ್ಯಾಟರಿಯನ್ನು ಪೂರ್ತಿ ತುಂಬಿಸಿರಬೇಕು. ವಿದ್ಯುತ್ ಸ್ಕೂಟರುಗಳ ಲಿಥಿಯಂ ಬ್ಯಾಟರಿಗಳಿಗೆ ಈ ಮಾತುಗಳು ಅನ್ವಯಿಸುವುದಿಲ್ಲ.

ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಿಟ್ಟರೆ ಕಾಸಿನ ಖರ್ಚಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಮಾತು ಸರಿಯೇ. ತಾವು ಹೋದಾಗ ಮಾತ್ರ ಓಡಿಸುವ ವಾಹನಕ್ಕೂ, ನಗರದ ಕಟ್ಟಡಗಳ ನೆಲಮಾಳಿಗೆಯಲ್ಲಿ ಬಿಸಿಲು ಕಾಣದೆ ನಿಂತ ವಾಹನಕ್ಕೂ ಅದೇ ಯೋಗ್ಯ. ಆದರೂ ಬ್ಯಾಟರಿ ತನ್ನಷ್ಟಕ್ಕೆ ಸೋರುವುದು ಅದರಿಂದ ನಿಲ್ಲದು. ಮೇಲಾಗಿ, ನಡುರಾತ್ರಿಯಲ್ಲಿ ತಾಯಿಗೆ ಎದೆನೋವು ಬಂದಾಗ ಟಾರ್ಚು ಹಿಡಿದು ಪಾನಾ ಹುಡುಕಿ ತಂತಿ ಬಿಗಿಯುವವರು ಯಾರು? ಮನೆಯವರ ಆಪತ್ತಿಗೆಂದು ಇರಿಸಿದ ವಾಹನವು ಕೀಲಿಕೈ ತಿರುಗಿಸಿದೊಡನೆ ಹೊರಡಬೇಕು. ಅಂತಹ ವಾಹನಕ್ಕೆ ಫಲಕವೇ ತಕ್ಕುದು.

ಹೊರನಾಡಿನ ನಮ್ಮ ಸಂಘಗಳು ನಾಟಕ, ಯಕ್ಷಗಾನ, ನಾಡಹಬ್ಬಗಳನ್ನು ಶ್ರದ್ಧೆಯಿಂದ ನಡೆಸಿಕೊಂಡು ಬಂದಿವೆ. ಬೇಸಿಗೆಯ ರಜೆಗೆ ಮುನ್ನ ಒಂದು ಭಾನುವಾರದ ಮಧ್ಯಾಹ್ನವನ್ನು ಇದಕ್ಕೂ ಮೀಸಲಿಡಲಿ. ಎಲೆಕ್ಟ್ರಿಶಿಯನ್ ಕೆಲಸ ಬಲ್ಲ ಸದಸ್ಯನೊಬ್ಬನು ಫಲಕ, ಕಂಟ್ರೋಲರ್, ಫ್ಯೂಸ್‌ಗಳನ್ನು ಮುಂದಿಟ್ಟು ಜೋಡಿಸಿ ತೋರಿಸಿದರೆ ಸಾಕು. ನೋಡಿದವರು ಊರಿನಲ್ಲಿ ತಾವೇ ಮಾಡಿಯಾರು. ದೂರದಲ್ಲಿ ದುಡಿಯುವ ಮಗನು ಆಪತ್ತಿನ ರಾತ್ರಿಯಲ್ಲಿ ಮನೆಯವರ ಬಳಿ ಇರಲಾರ. ಅವನು ಕೊಂಡಿಟ್ಟ ವಾಹನವಾದರೂ ಆ ಹೊತ್ತಿಗೆ ಸಿದ್ಧವಾಗಿರಲಿ.