ವಿದ್ಯುತ್ತು ಬೆನ್ನನ್ನು ನೆಟ್ಟಗಿರಿಸೀತೆ?

ಕುಳಿತು ದುಡಿಯುವ ನಗರವಾಸಿಗಳಲ್ಲಿ ಬೆನ್ನುನೋವು ಸರ್ವಸಾಧಾರಣವಾಗಿದೆ. ಮೈಗೆ ವಿದ್ಯುದಗ್ರಗಳುಳ್ಳ ಕವಚವನ್ನು ತೊಡಿಸಿ, ವಾರಕ್ಕೊಮ್ಮೆ ಸುಮಾರು 20 ನಿಮಿಷ ಸ್ನಾಯುಗಳನ್ನು ಚೋದಿಸುವ 'ಇ.ಎಂ.ಎಸ್.' ತರಬೇತಿ ಇದಕ್ಕೆ ಪರಿಹಾರವೆಂದು ಈಗ ಪ್ರಚಾರದಲ್ಲಿದೆ. ಇದರ ಮೂಲತತ್ತ್ವ ಹೊಸದಲ್ಲ. ವಿದ್ಯುತ್ತಿನಿಂದ ಕಪ್ಪೆಯ ಕಾಲು ಸಂಕುಚಿಸುವುದನ್ನು ಇಟಲಿಯ ಗ್ಯಾಲ್ವಾನಿ 1791ರಲ್ಲಿಯೇ ಪ್ರಕಟಿಸಿದ್ದನು.

ಬೆನ್ನೆಲುಬಿಗೆ ಆಧಾರವಾದ ಸ್ನಾಯುಗಳು ದುರ್ಬಲಗೊಂಡವರಿಗೆ ಈ ಚೋದನೆ ನೆರವಾಗಬಲ್ಲದು. ಆದರೆ ನೆಟ್ಟಗೆ ಕೂರುವುದು ದಿನವಿಡೀ ಪಾಲಿಸಬೇಕಾದ ಅಭ್ಯಾಸ. ವಾರದ 20 ನಿಮಿಷದ ವಿದ್ಯುತ್ತು ಉಳಿದ ಹೊತ್ತಿನ ಬಾಗಿದ ಬೆನ್ನನ್ನು ತಿದ್ದಲಾರದು. ನಡಿಗೆ, ವೈದ್ಯರು ಒಪ್ಪಿದ ಆಸನಗಳು, ಗಂಟೆಗೊಮ್ಮೆ ಎದ್ದು ಓಡಾಡುವುದು ಇವೆಲ್ಲ ಖರ್ಚಿಲ್ಲದ ಸಾಧನಗಳು. ಇವನ್ನು ಬಿಟ್ಟು ಯಂತ್ರವೊಂದನ್ನೇ ನೆಚ್ಚುವುದು ವಿವೇಕವೆನಿಸದು.

ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು, ಗರ್ಭಿಣಿಯರು, ಅಪಸ್ಮಾರದ ರೋಗಿಗಳು ಈ ತರಬೇತಿಯನ್ನು ವರ್ಜಿಸಬೇಕು. ಮೊದಲ ದಿನವೇ ಚೋದನೆ ಅತಿಯಾದರೆ ಸ್ನಾಯುತಂತುಗಳು ಒಡೆದು ಮೂತ್ರಪಿಂಡಗಳಿಗೆ ಅಪಾಯ ಒದಗಬಹುದು. ಬೆನ್ನುನೋವಿನೊಡನೆ ಕಾಲು ಜೋಮು ಹಿಡಿದರೆ, ಮೂತ್ರದ ಹತೋಟಿ ತಪ್ಪಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಆದುದರಿಂದ ಈ ತರಬೇತಿಯನ್ನು ವ್ಯಾಯಾಮಕ್ಕೆ ಪೂರಕವೆಂದು ಸ್ವೀಕರಿಸಬಹುದೇ ಹೊರತು ಅದಕ್ಕೆ ಬದಲಿಯೆಂದಲ್ಲ.