ಎಲುಬಿಗೂ ಢೀಲ್ ಬೇಕು, ಖೇಂಚ್ ಬೇಕು



ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಮೊದಲ ಮಾತು "ಎಷ್ಟು ಉದ್ದ ಆಗಿದ್ದೀಯೋ!" ಎಂದು ತಾನೇ? ಹಾಗೆನ್ನದಿದ್ದರೆ ನಿಮಗೆ ಚಿಂತೆ. ಎತ್ತರ ಹೆಚ್ಚಿಸುವ ಪುಡಿ ಕೊಳ್ಳಬಹುದೇ ಎಂದು ಕೆಲವರು ನನ್ನನ್ನು ಕೇಳಿದ್ದೂ ಉಂಟು. ಆದ್ದರಿಂದ ಈ ಸಲ ಎಲುಬಿನ ವಿಚಾರ.

ಕೈಕಾಲುಗಳ ಉದ್ದನೆಯ ಎಲುಬು ಬೆಳೆಯುವುದು ನಡುವಿನಲ್ಲಲ್ಲ, ತುದಿಯ ಬಳಿ ಇರುವ ಮೃದ್ವಸ್ಥಿಯ ತೆಳು ಪದರದಲ್ಲಿ. ಇದು ಬೆಳವಣಿಗೆ ಫಲಕ. ಅಲ್ಲಿನ ಜೀವಕೋಶಗಳು ಒಂದು ಎರಡಾಗಿ, ಪೇರಿಸಿಟ್ಟ ನಾಣ್ಯಗಳಂತೆ ಸಾಲುಗಟ್ಟಿ, ಆಮೇಲೆ ಉಬ್ಬುತ್ತವೆ. ಹಿಂದಿನಿಂದ ಎಲುಬು ಬಂದು ಆ ಜಾಗ ಹಿಡಿಯುತ್ತದೆ. ಇದರ ವೇಗವನ್ನು ನಿಯಂತ್ರಿಸುವ ಪ್ರೋಟೀನುಗಳೇ ಬೆಳವಣಿಗೆ ಅಂಶಗಳು.

ಹೆಸರು ಕೇಳಿ ಇವೆಲ್ಲ ಬೆಳೆಸುವಂಥವೇ ಎಂದುಕೊಳ್ಳಬೇಡಿ. ಉತ್ತರಾಯಣದ ದಿನ ಸೂರತ್ತಿನ ಮಹಡಿಯ ಮೇಲೆ ಪತಂಗ ಹಾರಿಸುವ ನಿಮಗೆ ಢೀಲ್, ಖೇಂಚ್ ಎರಡೂ ಗೊತ್ತು. ಐಜಿಎಫ್-1 ಎಂಬುದು ದಾರ ಬಿಡುವ ಕೈ. ಜೀವಕೋಶದ ಮೇಲಿರುವ ಎಫ್‌ಜಿಎಫ್‌ಆರ್-3 ಎಂಬ ಗ್ರಾಹಕವು ಎಳೆಯುವ ಕೈ. ಎಫ್‌ಜಿಎಫ್ ಬಂದು ಅದನ್ನು ಮುಟ್ಟಿದರೆ ಬೆಳವಣಿಗೆ ನಿಧಾನವಾಗುತ್ತದೆ.

ಆ ಕೈ ಎಳೆಯುತ್ತಲೇ ಇದ್ದರೆ? ಕೈಕಾಲು ಗಿಡ್ಡವಾಗಿ ಉಳಿಯುವ ಅಕಾಂಡ್ರೋಪ್ಲೇಸಿಯಾ ಎಂಬ ಸ್ಥಿತಿಗೆ ಇದೇ ಕಾರಣವೆಂದು 1994ರಲ್ಲಿ ತಿಳಿಯಿತು. ಜೀನಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ! ಇಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 80 ಮಂದಿಯ ತಂದೆತಾಯಿ ಸಾಮಾನ್ಯ ಎತ್ತರದವರೇ. ಆದರೂ ನಮ್ಮಲ್ಲಿ ಬೈಗುಳ ತಾಯಿಗೆ: ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಳಂತೆ, ಅದು ತಿಂದಳಂತೆ. ಬುದ್ಧಿಗೆ ಏನೂ ಕೊರತೆಯಿಲ್ಲದ ಆ ಮಗುವಿಗೆ ಶಾಲೆಯಲ್ಲಿ ಅಡ್ಡಹೆಸರು ಬೇರೆ.

ಸಾಗರದ ಬಳಿಯ ಹಂದಿಗೋಡಿನದು ಬೇರೆಯೇ ಕಾಯಿಲೆ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಬಡ ಕುಟುಂಬಗಳಲ್ಲಿ ಸೊಂಟ, ಮಂಡಿ ಹಿಡಿದುಕೊಂಡು ನಡೆಯುವುದೇ ಕಷ್ಟವಾಯಿತು. ಕೆಲವರು ಕುಳ್ಳಗೇ ಉಳಿದರು. ಮೊದಲು ಅನುಮಾನ ಬಿದ್ದದ್ದು ಅವರು ತಿನ್ನುತ್ತಿದ್ದ ಗದ್ದೆಯ ಏಡಿಯ ಮೇಲೆ. ಆಮೇಲೆ ತಿಳಿಯಿತು, ಅದು ವಂಶಪಾರಂಪರ್ಯವಾಗಿ ಎಲುಬು-ಕೀಲುಗಳಿಗೆ ಬರುವ ತೊಂದರೆಯೆಂದು.

ಅಕಾಂಡ್ರೋಪ್ಲೇಸಿಯಾಕ್ಕೆ ಈಗ ವೊಸೊರಿಟೈಡ್ ಎಂಬ ಔಷಧಿ ಬಂದಿದೆ. 2021ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಅನುಮತಿ ಸಿಕ್ಕಿತು. ದಿನಕ್ಕೊಂದು ಚುಚ್ಚುಮದ್ದು, ಎಳೆಯುವ ಕೈಯನ್ನು ಅದು ಸ್ವಲ್ಪ ಸಡಿಲಿಸುತ್ತದೆ. ಆದರೆ ಫಲಕ ತೆರೆದಿರುವ ತನಕ ಮಾತ್ರ. ಹದಿಹರೆಯ ಮುಗಿಯುವ ಹೊತ್ತಿಗೆ ಈಸ್ಟ್ರೋಜೆನ್ ಹಾರ್ಮೋನು, ಹುಡುಗರಲ್ಲೂ ಅದೇ, ಫಲಕವನ್ನು ಎಲುಬಾಗಿಸಿ ಮುಚ್ಚಿಬಿಡುತ್ತದೆ. ಮುಚ್ಚಿದ್ದನ್ನು ತೆರೆಯುವ ಪುಡಿ ಯಾವ ಡಬ್ಬಿಯಲ್ಲೂ ಇಲ್ಲ. ತಮ್ಮನೋ ತಂಗಿಯೋ ಓರಗೆಯವರಿಗಿಂತ ತೀರಾ ಹಿಂದೆ ಬಿದ್ದಿದ್ದಾರೆ ಅನಿಸಿದರೆ ಬೇಗ ಮಕ್ಕಳ ಡಾಕ್ಟರಿಗೆ ತೋರಿಸಲು ಮನೆಯಲ್ಲಿ ಹೇಳಿ. ಫಲಕ ಇನ್ನೂ ತೆರೆದಿದೆಯೇ ಎಂಬುದು ಎಡಗೈಯ ಒಂದು ಎಕ್ಸ್-ರೇಯಲ್ಲಿ ಗೊತ್ತಾಗುತ್ತದೆ.