ಹಲಗೆಯ ಮೇಲಿನ ಬುದ್ಧ

ಬುದ್ಧನಿಗೆ ಮನೆಯಲ್ಲೊಂದು ಪೀಠ ಬೇಕೇ? ಈ ಪ್ರಶ್ನೆಗೆ ನಮ್ಮ ವಿಚಾರವಾದಿ ಮಿತ್ರರ ಉತ್ತರ ಯಾವಾಗಲೂ ಸಿದ್ಧವಾಗಿರುತ್ತದೆ: ಬೇಡ. ಸೃಷ್ಟಿಕರ್ತನ ಗೊಡವೆಗೇ ಹೋಗದವನಿಗೆ ದೇವರ ಕೋಣೆಯೇ, ಇಂದು ಊದುಬತ್ತಿ ಹಚ್ಚಿದವರು ನಾಳೆ ಮಂಗಳಾರತಿ ಎತ್ತುವುದಿಲ್ಲವೇ, ಎಂದು ಕೇಳುತ್ತಾರೆ. ಕೇಳುವುದಕ್ಕೆ ಚೆನ್ನಾಗಿರುವ ಮಾತು. ಆದರೆ ಇದನ್ನು ಆಡುವವರಲ್ಲಿ ಹಲವರ ಮನೆಯ ಪಡಸಾಲೆಯಲ್ಲೇ ಟಿ.ವಿ. ಪಕ್ಕದಲ್ಲಿ ಫೈಬರಿನ ಬುದ್ಧನ ತಲೆಯೊಂದು ಇರುತ್ತದೆ. ತಲೆ ಮಾತ್ರ, ಮುಂಡವಿಲ್ಲ. ಅಲಂಕಾರಕ್ಕೆ ಆಗಬಹುದು, ವಂದನೆಗೆ ಆಗದು ಎಂಬ ಈ ನ್ಯಾಯ ಯಾವ ಶಾಸ್ತ್ರದ್ದೋ ನಾನರಿಯೆ. ನಾನು ಪೀಠ ಬೇಕೆನ್ನುವವರ ಪರ.

ಮೊದಲು ಗೋವೆಯ ಸಾಂಗೆ ತಾಲೂಕಿಗೆ ಹೋಗೋಣ. ಅಲ್ಲಿಯ ರಿವಣ ಎಂಬ ಹಳ್ಳಿಯಲ್ಲಿ ಮುರಕಲ್ಲು ಕೊರೆದು ಮಾಡಿದ ಗುಹೆಗಳಿವೆ. ನಮ್ಮ ಕಾಸರಗೋಡಿನ ಗುಡ್ಡಗಳದ್ದೇ ಕಲ್ಲು, ಅದೇ ಕೆಂಪು, ಅದೇ ತೂತು ತೂತು ಮೈ. ಬೌದ್ಧ ಭಿಕ್ಷುಗಳು ಸುಮಾರು ಆರು-ಏಳನೆಯ ಶತಮಾನದಲ್ಲಿ ಇಲ್ಲಿ ವಾಸವಿದ್ದರೆಂದು ವಿದ್ವಾಂಸರು ಹೇಳುತ್ತಾರೆ. ಊರವರು ಹೇಳುವುದು ಬೇರೆ: ಇದು ಪಾಂಡವರ ಗುಹೆ. ಬಾಗಿಲ ಬಳಿ ಯಾರೋ ಮುಂದೆ ಹನುಮಂತನನ್ನೂ ಕೆತ್ತಿಟ್ಟಿದ್ದಾರೆ. ಊರವರನ್ನು ಹಳಿದು ಪ್ರಯೋಜನವಿಲ್ಲ. ಭಿಕ್ಷುಗಳು ಎದ್ದು ಹೋದ ಮೇಲೆ ಗುಹೆಯ ಹೆಸರನ್ನು ನೆನಪಿಟ್ಟುಕೊಳ್ಳಲು ಸುತ್ತಲಿನ ಮನೆಗಳಲ್ಲಿ ಯಾರೂ ಉಳಿದಿರಲಿಲ್ಲ, ಅಷ್ಟೇ. ಗೋವೆಯ ಉತ್ತರದ ತುದಿಯಲ್ಲೂ ಇದೇ ಕತೆ. ಕೊಲವಾಳದ ಮುಶೀರ್‌ನಲ್ಲಿ 1930ರಲ್ಲಿ ಬುದ್ಧನ ಮೂರ್ತಿಯೊಂದನ್ನು ಗುರುತಿಸಿದವರು ಫಾದರ್ ಹೆನ್ರಿ ಹೆರಾಸ್, ಒಬ್ಬ ಜೆಸ್ವಿತ್ ಪಾದ್ರಿ. ಅದು ಈಗ ಮುಂಬಯಿಯಲ್ಲಿದೆ.

ನಮ್ಮ ಕಡೆ ಬನ್ನಿ. ಮಂಗಳೂರಿನ ಕದ್ರಿಯಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಅದರ ಪೀಠದ ಶಾಸನವೇ ಹೇಳುತ್ತದೆ. ಅರಸ ಶಿವಭಕ್ತ, ಮೂರ್ತಿ ಲೋಕೇಶ್ವರ, ಜಾಗ ವಿಹಾರ. ಆಗ ಅಲ್ಲಿ ಬೌದ್ಧರೆಷ್ಟು, ನಾಥರೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ, ಮುಗಿಯುವುದೂ ಬೇಡ. ನಾನು ಕೇಳುವುದು ಬೇರೆ ಪ್ರಶ್ನೆ: ವಿಹಾರವೆಂದು ಶಾಸನದಲ್ಲಿ ಬರೆಸಿಕೊಂಡ ಸ್ಥಳದ ಸುತ್ತಮುತ್ತ ಬೌದ್ಧ ಮನೆಯೊಂದೂ ಏಕೆ ಉಳಿಯಲಿಲ್ಲ?

ಇದೇ ಕರಾವಳಿಯ ಜೈನರನ್ನು ನೋಡಿ. ರಾಜಾಶ್ರಯ ಅವರಿಗೂ ಹೋಯಿತು. ಆದರೂ ಕಾರ್ಕಳ, ಮೂಡಬಿದಿರೆಗಳಲ್ಲಿ ಜೈನ ಮನೆಗಳಿವೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೀರನ್ನು ಸೋಸಿ ಕುಡಿಯುತ್ತೇವೆ ಎಂಬ ನೇಮಗಳು ಬಸದಿಯಲ್ಲಿ ನಡೆಯುವಂಥವಲ್ಲ, ಅಡುಗೆಮನೆಯಲ್ಲಿ ನಡೆಯುವಂಥವು. ಮುನಿ ಬಂದರೂ ಬಾರದಿದ್ದರೂ ಮನೆಯ ಹೆಂಗಸು ಧರ್ಮವನ್ನು ನಡೆಸಿಕೊಂಡು ಹೋದಳು. ನಮ್ಮ ನಾಡಿನ ಬೌದ್ಧ ಧರ್ಮ ವಿಹಾರವನ್ನು ನಂಬಿತು, ಮನೆಯನ್ನು ನಂಬಲಿಲ್ಲ. ವಿಹಾರ ಬಿದ್ದ ದಿನ ಅದೂ ಬಿತ್ತು. ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಆದರೆ ದೊಡ್ಡ ಕಾರಣ ಇದೇ ಎಂಬುದು ನನ್ನ ಎಣಿಕೆ.

ಆದಿ ಬೌದ್ಧರು ಮೂರ್ತಿಯನ್ನೇ ಪೂಜಿಸಲಿಲ್ಲವಲ್ಲ ಎಂದು ಮಿತ್ರರು ಎದ್ದು ನಿಲ್ಲುತ್ತಾರೆ. ಒಪ್ಪಿದೆ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಸಿಕ್ಕಿದ ಸ್ತೂಪದ ಫಲಕಗಳನ್ನು ನೋಡಿ. ಅಶೋಕನ ಹೆಸರು ಬರೆದ ಚಿತ್ರ ಅಲ್ಲಿ ಸಿಕ್ಕಿತೆಂದು ನಾವೆಲ್ಲ ಸಂಭ್ರಮಪಟ್ಟೆವು, ಸರಿ. ಅದೇ ಸ್ತೂಪದಲ್ಲಿ ಪಾದದ ಗುರುತುಗಳಿವೆ, ಬೋಧಿವೃಕ್ಷವಿದೆ, ಖಾಲಿ ಆಸನವಿದೆ, ಅವುಗಳ ಮುಂದೆ ಕೈಮುಗಿದ ಗಂಡಸರು ಹೆಂಗಸರು ಇದ್ದಾರೆ. ಅವರಿಗೆ ಮೂರ್ತಿ ಬೇಡವಾಗಿತ್ತು, ಬಾಗುವುದಕ್ಕೊಂದು ಜಾಗ ಬೇಕಾಗಿತ್ತು. ನಾನು ಕೇಳುತ್ತಿರುವುದೂ ಅಷ್ಟೇ.

ಯಾರಿಗಾಗಿ ಕೇಳುತ್ತಿದ್ದೇನೆ ಎಂಬುದೂ ಮುಖ್ಯ. ಉತ್ತರ ಕರ್ನಾಟಕದಿಂದ ಗೋವೆಗೆ ದುಡಿಯಲು ಹೋದ ದಲಿತ ಕುಟುಂಬವೊಂದು ಸಾಂಗೆಯ ಗಣಿಗಳ ಆಸುಪಾಸಿನಲ್ಲಿ ಇದೆಯೆನ್ನಿ. 2012ರ ಸೆಪ್ಟೆಂಬರಿನಲ್ಲಿ ಗೋವೆಯ ಗಣಿಗಳು ನಿಂತಾಗ ಇಂಥವರ ಅನ್ನ ನಿಂತಿತು. ಬಾಡಿಗೆಯ ಒಂದೇ ಕೋಣೆ. ಅಡುಗೆ, ನಿದ್ದೆ, ಮಕ್ಕಳ ಓದು ಎಲ್ಲ ಅಲ್ಲೇ. ಬಾಗಿಲಲ್ಲಿ ನಿಂತ ಮನೆಯೊಡೆಯನ ಕಣ್ಣು ಮೊದಲು ಹುಡುಕುವುದು ಗೋಡೆಯ ಪಟವನ್ನು. ಪಟ ನೋಡಿ ಜಾತಿ ತಿಳಿಯುವ ವಿದ್ಯೆ ನಮ್ಮ ದೇಶದಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಅಂಥ ಗೋಡೆಯಲ್ಲಿ ಬುದ್ಧನನ್ನೂ ಬಾಬಾಸಾಹೇಬರನ್ನೂ ಇಡುವುದಕ್ಕೆ ಎದೆಗಾರಿಕೆ ಬೇಕು. ಅದನ್ನು 'ಮತ್ತೊಂದು ಮೂಢನಂಬಿಕೆ' ಎಂದು ತಳ್ಳಿಹಾಕಲು ಸ್ವಂತ ಮನೆಯಿದ್ದರೆ ಸಾಕು.

ಪೀಠದ ನಿಜವಾದ ಶತ್ರುಗಳು ಬೇರೆ ಇದ್ದಾರೆ. ಒಬ್ಬ ಅಂಗಡಿಯವ. ಅವನು ಮಾರುವ ನಗುವ ಡೊಳ್ಳುಹೊಟ್ಟೆಯವನು ಗೌತಮ ಬುದ್ಧನೇ ಅಲ್ಲ. ಸುಮಾರು ಹತ್ತನೆಯ ಶತಮಾನದ ಬುದಾಯ್ ಎಂಬ ಚೀನೀ ಭಿಕ್ಷು, ಚೀನದವರು ಅವನನ್ನು ಮುಂದೆ ಬರಲಿರುವ ಮೈತ್ರೇಯನೆಂದು ತಿಳಿಯುತ್ತಾರೆ. ಅವನ ಹೆಗಲ ಚೀಲದಲ್ಲಿದ್ದದ್ದು ಭಿಕ್ಷೆ. ನಮ್ಮವರು ಅದನ್ನು ಹಣದ ಥೈಲಿ ಮಾಡಿ, ಕೊಂಡರೆ ಫಲವಿಲ್ಲ, ಯಾರಾದರೂ ಕೊಡಬೇಕು ಎಂಬ ನಿಯಮ ಬೇರೆ ಸೇರಿಸಿಕೊಂಡಿದ್ದಾರೆ. ವ್ಯಾಪಾರಕ್ಕೆ ಒಳ್ಳೆಯ ನಿಯಮ!

ಇನ್ನೊಬ್ಬ ಶತ್ರು ಸಜ್ಜನ. ಅವನು ಬುದ್ಧನನ್ನು ದಶಾವತಾರದ ಸಾಲಿನಲ್ಲಿ ಗೌರವದಿಂದ ಕೂರಿಸುತ್ತಾನೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಬುದ್ಧ ವಿಷ್ಣುವಿನ ಅವತಾರವೆಂಬುದನ್ನು ನಿರಾಕರಿಸುವುದೂ ಒಂದು. ರಿವಣದ ಗುಹೆ ಪಾಂಡವರದ್ದಾದದ್ದು ಹೇಗೆಂದು ಬಲ್ಲವರಿಗೆ ಆ ಪ್ರತಿಜ್ಞೆಯ ಅಗತ್ಯ ಬಿಡಿಸಿ ಹೇಳಬೇಕಿಲ್ಲ.

ಮೂರನೆಯ ಶತ್ರು ನಮ್ಮೊಳಗೇ ಇದ್ದಾನೆ. ಪೀಠ ಇಟ್ಟ ವರ್ಷದೊಳಗೆ ತೆಂಗಿನಕಾಯಿ ಬರುತ್ತದೆ, ಕುಂಕುಮ ಬರುತ್ತದೆ, ಮುಟ್ಟಾದ ಮಗಳನ್ನು 'ಆಚೆ ನಿಲ್ಲು' ಎನ್ನುವ ಮಾತೂ ಬರುತ್ತದೆ. ಮೈಲಿಗೆಯನ್ನು ಬಿಡಲು ಧರ್ಮವನ್ನೇ ಬಿಟ್ಟು ಬಂದವರು ಮೈಲಿಗೆಯನ್ನೇ ಗಂಟುಕಟ್ಟಿ ತಂದರೆ ಹೇಗೆ? ಬಾಬಾಸಾಹೇಬರ ಪಟ ಬುದ್ಧನ ಪಕ್ಕದಲ್ಲಿರಲಿ, ತಕರಾರಿಲ್ಲ. ಆದರೆ ಆರತಿ ಎತ್ತಬೇಡಿ. ರಾಜಕೀಯದಲ್ಲಿ ಭಕ್ತಿ ಅಧಃಪತನದ ಹಾದಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಅವರೇ.

ಹಾಗಾದರೆ ಏನಿಡಬೇಕು? ಕುಳಿತವರ ತಲೆಗಿಂತ ಎತ್ತರದಲ್ಲೊಂದು ಹಲಗೆ, ಬಿಳಿ ಬಟ್ಟೆ, ಒಂದು ಮೂರ್ತಿ ಅಥವಾ ಪಟ. ಹೂ ಇಡಿ, ಅದು ಬಾಡುವುದನ್ನೂ ನೋಡಿ, ಹೂವಿರುವುದೇ ಅದಕ್ಕೆ. ದೀಪ ಅಥವಾ ಮೇಣದ ಬತ್ತಿ. ಪಂಚಶೀಲವನ್ನು ಪಾಳಿಯಲ್ಲಿ ಹೇಳಿ, ಬೆನ್ನಿಗೇ ಕನ್ನಡದಲ್ಲಿ, ಮಲಯಾಳದಲ್ಲಿ, ಮನೆಮಾತು ಯಾವುದೋ ಅದರಲ್ಲಿ ಹೇಳಿ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ ಎಂಬುದನ್ನು ಹೆಂಡತಿ ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಅವರೆದುರೇ ಹೇಳುವುದು ಕಷ್ಟ. ಕುಡಿಯುವುದಿಲ್ಲ ಎಂಬುದಂತೂ ಗೋವೆಯಲ್ಲಿ ಇನ್ನೂ ಕಷ್ಟ.

ಎಲ್ಲಕ್ಕಿಂತ ಮುಖ್ಯ ನೀರು. ಸಾಂಗೆಯಿಂದ ಘಟ್ಟ ಹತ್ತಿ ಹೋದರೆ ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರ ವಸತಿ ಇದೆ. ಟಿಬೆಟನ್ನರು ಮನೆಯ ಪೀಠದಲ್ಲಿ ಏಳು ಬಟ್ಟಲು ಸಾಲಾಗಿಡುತ್ತಾರೆ, ಎರಡರ ನಡುವೆ ಒಂದು ಜವೆಗೋಧಿ ಕಾಳಿನಷ್ಟು ಅಂತರ. ಬೆಳಿಗ್ಗೆ ಎಡದಿಂದ ಬಲಕ್ಕೆ ತುಂಬುತ್ತಾರೆ, ಸಂಜೆ ಬರಿದು ಮಾಡಿ ಕವುಚಿಡುತ್ತಾರೆ. ನೀರೇ ಏಕೆಂದರೆ ಬಡವನಿಗೂ ಸಿಗುತ್ತದೆ, ಕೊಟ್ಟೆನೆಂಬ ಹಮ್ಮು ಬರುವುದಿಲ್ಲ. ಟಿಬೆಟಿನಲ್ಲಿ ಈ ಅರ್ಥ ಸಾಕು. ನಮ್ಮಲ್ಲಿ ನೀರಿಗೆ ಇನ್ನೊಂದು ಅರ್ಥವಿದೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಅಂಬೇಡ್ಕರರು ಬೊಗಸೆಯಲ್ಲಿ ಎತ್ತಿಕೊಂಡದ್ದು ನೀರನ್ನೇ. ಕುಮಾರನ್ ಆಶಾನರ 'ಚಂಡಾಲಭಿಕ್ಷುಕಿ'ಯಲ್ಲಿ ಭಿಕ್ಷು ಆನಂದ ಚಂಡಾಲ ಹುಡುಗಿಯಿಂದ ಕೇಳಿ ಕುಡಿದದ್ದೂ ಬಾವಿಯ ನೀರನ್ನೇ. ಈ ವಾರ್ಷಿಕದ ಮಲಯಾಳಂ ಓದುಗರಿಗೆ ನಾನದನ್ನು ನೆನಪಿಸಬೇಕಿಲ್ಲ. ಗಡಿಯ ಈಚೆಯ ನಮ್ಮವರು ಮಂಜೇಶ್ವರದ ಗೋವಿಂದ ಪೈಗಳು ಬುದ್ಧನ ಕಡೆಯ ದಿನವನ್ನು ಕುರಿತು 'ವೈಶಾಖಿ' ಬರೆದರೆಂದು ಹೆಮ್ಮೆಪಡುತ್ತೇವೆ. ಹೆಮ್ಮೆಪಡುವ ಎಷ್ಟು ಮನೆಗಳಲ್ಲಿ ಬೇಲಿಯಾಚೆಯವರಿಗೆ ಒಳಗಿನ ಲೋಟದಲ್ಲಿ ನೀರು ಕೊಡುತ್ತಾರೆ?

ಆದ್ದರಿಂದ ಬಟ್ಟಲು ಏಳೇ ಬೇಕೆಂದಿಲ್ಲ, ಬೆಳ್ಳಿಯದಂತೂ ಬೇಡ. ಮನೆಯವರು ಕುಡಿಯುವ ಸ್ಟೀಲಿನ ಲೋಟವನ್ನೇ ಇಡಿ. ಸಂಜೆ ಆ ನೀರನ್ನು ತುಳಸಿಗೋ ಬಸಳೆಗೋ ಹೊಯ್ದು, ತೊಳೆದು, ಬಾಗಿಲಿಗೆ ಬಂದವರಿಗೆ ಅದರಲ್ಲೇ ನೀರು ಕೊಡಿ. ಗೋಡೆಗೆ ಮೊಳೆ ಹೊಡೆಯಲು ಮನೆಯೊಡೆಯ ಬಿಡದಿದ್ದರೆ ಟ್ರಂಕಿನ ಮೇಲೆ ಟ್ರಂಕಿಟ್ಟು ಬಿಳಿ ಬಟ್ಟೆ ಹಾಸಿದರಾಯಿತು. ಕೆಲಸ ತಪ್ಪಿ ಊರು ಬಿಡಬೇಕಾದಾಗ ಎಲ್ಲವನ್ನೂ ಅದರೊಳಗೇ ತುಂಬಿ ಬಸ್ಸಿಗೆ ಹಾಕಲೂ ಅನುಕೂಲ.